ನೂರಕ್ಕೆ ಅರವತ್ತೆರಡು

ಮನೆಗೆ ತಂದ ವಸ್ತು ಹಳತಾಗಬಹುದು, ಸವೆಯಬಹುದು, ಒಂದು ದಿನ ಮೂಲೆಯನ್ನೂ ಸೇರಬಹುದು; ಆದರೆ ತನ್ನ ಸ್ವಭಾವವನ್ನು ಮಾತ್ರ ಬದಲಾಯಿಸಬಾರದು ಎಂಬುದು ಸಂಸಾರಸ್ಥರ ಬಹುಕಾಲದ ನಂಬಿಕೆ. ಬೀಸುವ ಕಲ್ಲು ಒಂದು ಬೆಳಗ್ಗೆ, “ಇನ್ನು ಮುಂದೆ ನಾನು ಎಡಕ್ಕೆ ಮಾತ್ರ ತಿರುಗುವೆನು” ಎಂದು ಹೇಳಿದ್ದುಂಟೆ? ಗ್ರಾಮಫೋನು ಇದ್ದ ಮನೆಗಳಲ್ಲಿ ಸೂಜಿ ಸವೆದರೆ ಸೂಜಿಯನ್ನು ಬದಲಾಯಿಸುತ್ತಿದ್ದರು. ವಾಲ್ವ್ ರೇಡಿಯೋ ಗೊರಗೊರ ಎಂದರೆ ತಲೆಯ ಮೇಲೊಂದು ಪೆಟ್ಟು ಕೊಡುತ್ತಿದ್ದರು. ಅದಕ್ಕೂ ಬಗ್ಗದಿದ್ದರೆ ಬೀದಿಯ ಕೊನೆಯ ರೇಡಿಯೋ ರಿಪೇರಿಯವನು ಬಂದು, ಹಿಂಬದಿಯ ಹಲಗೆ ಬಿಚ್ಚಿ, ಸುಟ್ಟುಹೋದುದನ್ನು ಬೆರಳಿಟ್ಟು ತೋರಿಸುತ್ತಿದ್ದ. ಕಾಯಿಲೆ ಕಣ್ಣಿಗೆ ಕಾಣುತ್ತಿತ್ತು. ಮದ್ದು ಕೈಗೆ ಎಟುಕುತ್ತಿತ್ತು.

ಈಗಿನ ಸಂಗೀತಯಂತ್ರಗಳು ಆ ಜಾತಿಗೆ ಸೇರಿದವಲ್ಲ. ಅವುಗಳಿಗೆ ದೂರದೇಶದಿಂದ ಆಗಾಗ್ಗೆ ಅಶರೀರವಾಣಿಯೊಂದು ಕೇಳಿಸುತ್ತಿರುತ್ತದೆ. ಆ ವಾಣಿ ಕೇಳಿಸಿದೊಡನೆ ನಿನ್ನೆಯ ಯಂತ್ರ ಇಂದು ಬೇರೆ ಯಂತ್ರವಾಗುತ್ತದೆ. ಒಮ್ಮೊಮ್ಮೆ ಮೇಲಾಗಿ, ಒಮ್ಮೊಮ್ಮೆ ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತೆ. ಬೆಂಗಳೂರಿನ ಜಯನಗರದ ಒಂದು ಮನೆಯಲ್ಲಿ ಶನಿವಾರ ಸಂಜೆಯಿಂದ ಮಂಗಳವಾರ ರಾತ್ರಿಯವರೆಗೆ ನಡೆದ ಸಂಗತಿ ಇದಕ್ಕೆ ಒಳ್ಳೆಯ ಉದಾಹರಣೆ.

ಆ ಮನೆಯ ಯಜಮಾನರು ಸರ್ಕಾರಿ ಲೆಕ್ಕಪತ್ರಗಳ ನಡುವೆ ಮೂವತ್ತೈದು ವರ್ಷಗಳನ್ನು ಕಳೆದು ನಿವೃತ್ತರಾದವರು. ದುಂದುಗಾರರಲ್ಲ, ಆಟೋದವನಿಗೆ ಕೊಡಬೇಕಾದ ಚಿಲ್ಲರೆಯನ್ನು ಮನೆಯಲ್ಲಿಯೇ ಎಣಿಸಿಕೊಂಡು ಹೊರಡುವ ಪೈಕಿ. ಆದರೆ ಸಂಗೀತದ ಮಾತು ಬಂತೆಂದರೆ ಆ ಲೆಕ್ಕದ ಪುಸ್ತಕ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ನಿವೃತ್ತಿಯ ಹಣದಲ್ಲಿ ಒಂದೂವರೆ ಲಕ್ಷ ರೂಪಾಯಿ ತೆಗೆದು ಅವರು ಒಂದು ಆಂಪ್ಲಿಫೈಯರನ್ನೂ ಒಂದು ಜೊತೆ ಸ್ಪೀಕರುಗಳನ್ನೂ ತಂದರು. ಆ ಆಂಪ್ಲಿಫೈಯರು ಮನೆಯ ಇಂಟರ್‌ನೆಟ್ಟಿನಿಂದ ಕಚೇರಿಗಳನ್ನು ಎಳೆದುಕೊಂಡು ಹಾಡುತ್ತದೆ. ಬೆನ್ನಿಗೆ ಜೋಡಿಸಿದ ಅಂಗೈಯಗಲದ ಹಾರ್ಡ್‌ಡಿಸ್ಕಿನಿಂದಲೂ ಹಾಡುತ್ತದೆ.

ಆ ಡಿಸ್ಕಿನಲ್ಲಿ ಸಾವಿರಾರು ಹಾಡುಗಳಿದ್ದರೂ ಯಜಮಾನರಿಗೆ ಮುಖ್ಯವಾದುವು ಆರೇ ಆರು. ಅವು ಅವರ ತಾಯಿ ಹಾಡಿದ ದೇವರನಾಮಗಳು. 1974ರ ಗೌರಿಹಬ್ಬದ ದಿನ ಅವರ ತಂದೆ ಯಾರಿಂದಲೋ ಎರವಲು ತಂದ ಸ್ಪೂಲ್ ಟೇಪ್‌ರೆಕಾರ್ಡರಿನಲ್ಲಿ ಹಿಡಿದಿಟ್ಟವು. ಸ್ಪೂಲಿನಿಂದ ಕ್ಯಾಸೆಟ್ಟಿಗೆ, ಮುಂದೆ ಮಗನ ಕೈಯಿಂದ ಕಂಪ್ಯೂಟರಿಗೆ, ಹೀಗೆ ಮನೆ ಬದಲಾಯಿಸುತ್ತ ಬಂದ ಆ ಧ್ವನಿಯನ್ನು ಪ್ರತಿವರ್ಷ ತಾಯಿಯ ತಿಥಿಯ ಸಂಜೆ ಎಲ್ಲರೂ ಕುಳಿತು ಕೇಳುವುದು ಆ ಮನೆಯ ಪದ್ಧತಿ. ಅದಕ್ಕಾಗಿಯೇ ಯಜಮಾನರ ತಂಗಿ ಮೈಸೂರಿನಿಂದ ಬರುತ್ತಾರೆ. ಎರಡನೆಯ ಹಾಡಿನ ಮಧ್ಯೆ ಒಂದೆಡೆ ಬಳೆಗಳ ಸದ್ದು ಕೇಳಿಸುತ್ತದೆ. ಆಗ ಐದು ವರ್ಷದವಳಾಗಿದ್ದ ತಂಗಿ ರಚ್ಚೆ ಹಿಡಿದಾಗ ತಾಯಿ ಹಾಡು ನಿಲ್ಲಿಸದೆಯೇ ಅವಳ ತಲೆಯನ್ನು ಸವರಿ ಸುಮ್ಮನಿರಿಸಿದ ಸದ್ದು ಅದು. ಒಂದೂವರೆ ಲಕ್ಷ ಯಾಕೆ ಎಂದು ಕೇಳಿದವರಿಗೆ ಯಜಮಾನರು ಆವರ್ತಾಂಕ, ವಾಟ್ ಎಂದು ಏನೇನೋ ಹೇಳುತ್ತಿದ್ದರು. ನಿಜವಾದ ಕಾರಣ ಆ ಬಳೆ.

ತಿಥಿಯ ಹಿಂದಿನ ದಿನ, ಶನಿವಾರ ಸಂಜೆ, ಯಜಮಾನರ ಫೋನಿನಲ್ಲಿ ಒಂದು ಸೂಚನೆ ಮೂಡಿತು: ಆಂಪ್ಲಿಫೈಯರಿಗೆ ಹೊಸ ಫರ್ಮ್‌ವೇರ್ ಸಿದ್ಧವಾಗಿದೆ, ಈಗಲೇ ಹಾಕಿಕೊಳ್ಳುವಿರಾ? ಕಡತವನ್ನು ನಾಳೆಗೆ ಉಳಿಸುವ ಅಭ್ಯಾಸ ಯಜಮಾನರಿಗೆ ಇರಲಿಲ್ಲ.

“ನಾಳೆ ತಿಥಿ. ಇವತ್ತು ಯಾಕೆ ಅದರ ಗೊಡವೆ? ಅಡಿಗೆಗೆ ಇಟ್ಟ ಮೇಲೆ ಯಾರಾದರೂ ಒಲೆ ರಿಪೇರಿಗೆ ಕೂರುತ್ತಾರೆಯೆ?” ಎಂದರು ಮನೆಯಾಕೆ.

“ಹತ್ತು ನಿಮಿಷದ ಕೆಲಸ ಕಣೇ,” ಎಂದು ಯಜಮಾನರು ಒತ್ತಿಯೇಬಿಟ್ಟರು.

ಹತ್ತು, ಇಪ್ಪತ್ತು, ನಲವತ್ತು ಎಂದು ಅಂಕೆಗಳು ಚುರುಕಾಗಿ ಏರಿದವು. ನೂರಕ್ಕೆ ಅರವತ್ತೆರಡಕ್ಕೆ ಬಂದು ನಿಂತವು. ಪರೀಕ್ಷೆಯಲ್ಲಾದರೆ ಅರವತ್ತೆರಡೆಂದರೆ ಪ್ರಥಮ ದರ್ಜೆ. ಮನೆಮಂದಿಗೆಲ್ಲ ಸಿಹಿ ಹಂಚಬಹುದು. ಈ ಪರೀಕ್ಷೆಯಲ್ಲಿ ಮಾತ್ರ ತೊಂಬತ್ತೊಂಬತ್ತು ಬಂದರೂ ನಪಾಸು. ಅರ್ಧ ಗಂಟೆ ಕಳೆಯಿತು. ಒಂದು ಗಂಟೆ ಕಳೆಯಿತು. ಅಂಕೆ ಅಲ್ಲಾಡಲಿಲ್ಲ. ರಿಮೋಟಿಗೆ ಉತ್ತರವಿಲ್ಲ. ಮುಂಭಾಗದ ಕೆಂಪು ದೀಪ ಮಾತ್ರ ಮಿಣುಕುತ್ತಿತ್ತು.

ಇಷ್ಟಕ್ಕೂ ಆ ಪೆಟ್ಟಿಗೆಯೊಳಗೆ ನಡೆಯುತ್ತಿದ್ದುದೇನು? ಕಂಪ್ಯೂಟರಿನ ಲೋಹ, ತಂತಿ, ಚಿಪ್ಪುಗಳು ಹಾರ್ಡ್‌ವೇರ್. ಅದನ್ನು ನಡೆಸುವ ಬರಹ ಸಾಫ್ಟ್‌ವೇರ್. ಒಂದು ಗಟ್ಟಿ, ಇನ್ನೊಂದು ಮೆದು. ಇವೆರಡರ ನಡುವೆ ನಿಂತು, ಯಂತ್ರ ಕಣ್ಣು ತೆರೆದ ಕ್ಷಣದಿಂದ ಅದು ಹೇಗೆ ನಡೆದುಕೊಳ್ಳಬೇಕೆಂದು ವಿಧಿಸುವ ಒಳಬರಹಕ್ಕೆ ಫರ್ಮ್‌ವೇರ್ ಎಂಬ ಹೆಸರು. ಆಶರ್ ಓಪ್ಲರ್ ಎಂಬ ಅಮೆರಿಕದ ತಜ್ಞರು 1967ರಲ್ಲಿ ಪತ್ರಿಕೆಯೊಂದರ ಲೇಖನದಲ್ಲಿ ಆ ಪದವನ್ನು ಟಂಕಿಸಿದರು. ಮೊದಮೊದಲು ಈ ಬರಹವನ್ನು ತಿದ್ದುವುದು ಸುಲಭವಾಗಿರಲಿಲ್ಲ. 1971ರಲ್ಲಿ ಬಂದ ಒಂದು ಬಗೆಯ ಚಿಪ್ಪಿನ ನೆತ್ತಿಯ ಮೇಲೆ ಪುಟ್ಟ ಗಾಜಿನ ಕಿಟಕಿಯಿತ್ತು. ಅದರ ಮೂಲಕ ಅತಿನೇರಳೆ ಬೆಳಕನ್ನು ಹಾಯಿಸಿ ಹಳೆಯ ಬರಹವನ್ನು ಅಳಿಸಬೇಕಾಗಿತ್ತು. 1980ರ ದಶಕದಲ್ಲಿ ಜಪಾನಿನ ಫುಜಿಯೋ ಮಸುಓಕ ಅವರು ರೂಪಿಸಿದ ಫ್ಲ್ಯಾಶ್ ಸ್ಮೃತಿ ಬಂದ ಮೇಲೆ ಕಿಟಕಿಯೂ ಬೇಡವಾಯಿತು, ಬೆಳಕೂ ಬೇಡವಾಯಿತು. ವಿದ್ಯುತ್ತಿನಿಂದಲೇ ಅಳಿಸಿ ವಿದ್ಯುತ್ತಿನಿಂದಲೇ ಬರೆಯಬಹುದಾಯಿತು.

ಆದರೆ ಫ್ಲ್ಯಾಶಿಗೊಂದು ನಿಯಮವಿದೆ. ಸ್ಲೇಟಿನ ಮೇಲೆ ಒಂದಕ್ಷರವನ್ನು ತಿದ್ದಿದಂತೆ ಅದರಲ್ಲಿ ತಿದ್ದಲಾಗದು. ಒಂದಿಡೀ ಭಾಗವನ್ನು ಒರಸಿ ಬಳಿಕ ಹೊಸದನ್ನು ಬರೆಯಬೇಕು. ಒರಸಿದ್ದಾಗಿದೆ, ಬರೆದು ಮುಗಿದಿಲ್ಲ ಎಂಬ ಆ ನಡುಗಾಲದಲ್ಲಿ ಕರೆಂಟು ಹೋದರೆ ಯಂತ್ರಕ್ಕೆ ಹಳೆಯ ಬುದ್ಧಿಯೂ ಇಲ್ಲ, ಹೊಸ ಬುದ್ಧಿಯೂ ಇಲ್ಲ. ವಿವೇಕಿಗಳಾದ ತಯಾರಕರು ಇದಕ್ಕೆಂದೇ ಹಳೆಯ ಪ್ರತಿಯೊಂದನ್ನು ಪಕ್ಕದಲ್ಲಿ ಉಳಿಸಿರುತ್ತಾರೆ, ಇಲ್ಲವೆ ಯಂತ್ರವನ್ನು ಎಬ್ಬಿಸುವಷ್ಟು ಪುಟ್ಟ ಬರಹವೊಂದನ್ನು ಯಾರೂ ಮುಟ್ಟದಂತೆ ಬೀಗ ಹಾಕಿ ಇಟ್ಟಿರುತ್ತಾರೆ. ಎಲ್ಲ ತಯಾರಕರೂ ವಿವೇಕಿಗಳಲ್ಲ.

ಇದೊಂದನ್ನೂ ಅರಿಯದ ಯಜಮಾನರು ಪ್ಲಗ್ಗನ್ನು ಕೀಳಲು ಕೈಚಾಚಿದರು. ಮನೆಯಾಕೆ ತಡೆದರು. “ಏನೂಂದ್ರೆ, ಅರ್ಧ ಬೆಂದ ಇಡ್ಲಿಯ ಮುಚ್ಚಳ ತೆಗೆಯುತ್ತಾರೆಯೆ? ಇರಲಿ ಬಿಡಿ.”

ಯಾವ ತಂತ್ರಜ್ಞನೂ ಇದಕ್ಕಿಂತ ಒಳ್ಳೆಯ ಸಲಹೆಯನ್ನು ಕೊಡಲಾರ. ಕಂಪನಿಯ ದೂರವಾಣಿಗೆ ಕರೆ ಮಾಡಿದಾಗ ಮುಕ್ಕಾಲು ಗಂಟೆ ವಾದ್ಯಸಂಗೀತ ಕೇಳಿಸಿತು. ಅಂದು ಆ ಮನೆಯಲ್ಲಿ ಕೇಳಿದ ಸಂಗೀತ ಅದೊಂದೇ. ಕೊನೆಗೆ ಮಾತಾಡಿದ ಹುಡುಗಿಯೂ, ರಾತ್ರಿಯೆಲ್ಲ ಹಾಗೆಯೇ ಬಿಡಿ, ಸೋಮವಾರಕ್ಕೂ ಏಳದಿದ್ದರೆ ಒಳಗಿನ ಬೋರ್ಡನ್ನೇ ಬದಲಾಯಿಸಬೇಕಾದೀತು ಎಂದಳು. ಬೋರ್ಡಿನ ಬೆಲೆ ಕೇಳಿದ ಯಜಮಾನರು ಫೋನನ್ನು ಮೆಲ್ಲನೆ ಕೆಳಗಿಟ್ಟರು.

ಭಾನುವಾರ ತಿಥಿ ಸಾಂಗವಾಗಿ ನಡೆಯಿತು. ಪುರೋಹಿತರು ಹೊರಟುಹೋದರು, ಊಟವಾಯಿತು, ಸಂಜೆಯಾಯಿತು. ಎಲ್ಲರೂ ಎಂದಿನಂತೆ ನಡುಮನೆಯಲ್ಲಿ ಸೇರಿದರು. ಯಂತ್ರ ಅರವತ್ತೆರಡನ್ನೇ ಜಪಿಸುತ್ತಿತ್ತು. ಯಜಮಾನರು ತಂಗಿಯ ಮುಖವನ್ನು ನೋಡಲಾರದೆ ಕಿಟಕಿಯ ಕಡೆ ತಿರುಗಿ ಕುಳಿತರು. ಆಗ ಮನೆಯಾಕೆ ಅಡಿಗೆಮನೆಯಿಂದ ಒಂದು ಸ್ಟೀಲ್ ಚೊಂಬನ್ನು ತಂದು ನಡುವೆ ಇಟ್ಟರು. ತಮ್ಮ ಫೋನನ್ನು ಅದರೊಳಗೆ ಇಳಿಸಿದರು. ಹಿಂದಿನ ವರ್ಷವೇ ಅವರು ಮಗನಿಗೆ ಹೇಳಿ ಆರು ಹಾಡುಗಳನ್ನೂ ತರಿಸಿಕೊಂಡು ಇಟ್ಟಿದ್ದರು. ಯಾಕೆ ಎಂದು ಯಾರೂ ಕೇಳಿರಲಿಲ್ಲ.

ಚೊಂಬಿನೊಳಗಿಂದ ಅತ್ತೆಯವರು ಹಾಡಿದರು. ದನಿ ಸಣ್ಣದಾಗಿತ್ತು, ಬಾವಿಯ ಆಳದಿಂದ ಬಂದಂತಿತ್ತು. ಆದರೆ ಅದು ಅವರದೇ. ಆರು ಹಾಡು ಮುಗಿಯುವವರೆಗೂ ಯಾರೂ ಮಾತನಾಡಲಿಲ್ಲ. ಮುಗಿದ ಮೇಲೆ ತಂಗಿ ಕಣ್ಣೊರಸಿಕೊಂಡು, “ಚೆನ್ನಾಗಿತ್ತು ಅತ್ತಿಗೆ,” ಎಂದರು. ಸ್ವಲ್ಪ ಹೊತ್ತಿನ ಮೇಲೆ, ಯಾರನ್ನೂ ದೂರುವಂತಲ್ಲದೆ, “ಬಳೆ ಕೇಳಿಸಲಿಲ್ಲ ಅಲ್ಲವೇನಣ್ಣ?” ಎಂದರು.

ಆ ರಾತ್ರಿ ಯಜಮಾನರು ನಿದ್ರೆ ಮಾಡಲಿಲ್ಲ. ರೂಟರನ್ನು ಮೂರು ಬಾರಿ ಆರಿಸಿ ಹಚ್ಚಿದರು. ಸ್ಪೀಕರಿನ ತಂತಿಗಳನ್ನು ಬಿಚ್ಚಿ ಮತ್ತೆ ಕಟ್ಟಿದರು. ಯಾವ ಅಪರಾಧವನ್ನೂ ಮಾಡದ ಟೆಲಿವಿಷನ್ನಿನ ಕೇಬಲ್ಲನ್ನು ಒರಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಯಿತು.

ಸೋಮವಾರ ಸಂಜೆ ಪಕ್ಕದ ಮನೆಯ ಯುವಕ ಬಂದ. ಇಂಥ ಒಳಬರಹವನ್ನು ಬರೆಯುವುದನ್ನೇ ವೃತ್ತಿಯಾಗಿ ಮಾಡಿಕೊಂಡ ಯುವಕರು ಬೆಂಗಳೂರಿನಲ್ಲಿ ಸಾವಿರಾರು ಮಂದಿ, ಅವರಲ್ಲಿ ಅವನೊಬ್ಬ. ಆಸ್ಪತ್ರೆಯ ಉಪಕರಣಗಳಿಗೆ ಬರೆಯುತ್ತಾನೆ. ಪೆಟ್ಟಿಗೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತವನು ಮೊದಲು ಯಾವುದನ್ನೂ ಮುಟ್ಟಲಿಲ್ಲ.

“ತಪ್ಪು ಯಾರದು ಅಂತ ಮೊದಲು ಹುಡುಕಬಾರದು ಅಂಕಲ್. ಎಲ್ಲಿ ನಿಂತಿದೆ ಅಂತ ಹುಡುಕಬೇಕು,” ಎಂದ.

ಅವನು ವಿವರಿಸಿದ ಪ್ರಕಾರ ಇಂಥ ಪೆಟ್ಟಿಗೆಯೊಳಗೆ ಒಬ್ಬ ಕಾರ್ಯಭಾರಿಯಲ್ಲ, ಮೂರು ನಾಲ್ಕು ಮಂದಿ ಇರುತ್ತಾರೆ. ಗುಂಡಿಗಳನ್ನೂ ದೀಪಗಳನ್ನೂ ನೋಡಿಕೊಳ್ಳುವ ಚಿಪ್ಪು ಒಂದು. ಇಂಟರ್‌ನೆಟ್ಟಿನೊಡನೆ ವ್ಯವಹರಿಸುವುದು ಇನ್ನೊಂದು. ಧ್ವನಿಯ ಲೆಕ್ಕಾಚಾರ ಮಾಡುವುದು ಮತ್ತೊಂದು. ಹೊಸ ಆವೃತ್ತಿ ಬಂದಾಗ ಇವರೆಲ್ಲರಿಗೂ ಸರದಿಯಂತೆ ಪಾಠವಾಗಬೇಕು. ಇಬ್ಬರಿಗೆ ಹೊಸ ಪಾಠವಾಗಿ ಮೂರನೆಯವನು ಹಳೆಯದರಲ್ಲೇ ಉಳಿದರೆ, ಭಜನೆಯ ಮೇಳದಲ್ಲಿ ಅರ್ಧ ಜನ ಆದಿತಾಳ, ಅರ್ಧ ಜನ ರೂಪಕ ಹಿಡಿದಂತೆ. ಯಾರೂ ಮುಂದುವರಿಯಲಾರರು, ಯಾರೂ ನಿಲ್ಲಿಸಲೂ ಆರರು.

“ಹಾಗಾದರೆ ಇದರ ತಂಟೆಯೇ ಬೇಡ ಎಂದು ಹಳೆಯದನ್ನೇ ಇಟ್ಟುಕೊಂಡರೆ ಆಗದೇನಪ್ಪಾ?” ಎಂದರು ಯಜಮಾನರು.

ಹಾಗೆ ಹೇಳಿಬಿಡುವುದೂ ಸುಲಭವಲ್ಲ. 2017ರಲ್ಲಿ ಬೆಲ್ಜಿಯಂ ದೇಶದ ಸಂಶೋಧಕರು ವೈಫೈಯ ರಕ್ಷಣಾಕ್ರಮದಲ್ಲೇ ಒಂದು ಬಿರುಕನ್ನು ಕಂಡುಹಿಡಿದರು. ಅದನ್ನು ಮುಚ್ಚಲು ವೈಫೈ ಇರುವ ಉಪಕರಣಗಳಿಗೆ ಹೊಸ ಬರಹವಲ್ಲದೆ ಅನ್ಯಮಾರ್ಗವಿರಲಿಲ್ಲ. ಸಂಗೀತವನ್ನು ಕಳುಹಿಸುವ ಕಂಪನಿಗಳು ತಮ್ಮ ಪದ್ಧತಿಯನ್ನು ಬದಲಾಯಿಸಿದಾಗ ಹಳೆಯ ಬರಹದ ಯಂತ್ರಕ್ಕೆ ಬಾಗಿಲು ಮುಚ್ಚಿಹೋಗುವುದೂ ಉಂಟು. ಇನ್ನು ಹಾಕಿಕೊಂಡವರ ಪಾಡನ್ನು ಕೇಳಬೇಕೆ? 2025ರ ಮಾರ್ಚ್ ತಿಂಗಳಲ್ಲಿ ಸ್ಯಾಮ್‌ಸಂಗ್ ಸಂಸ್ಥೆಯ ದುಬಾರಿ ಸೌಂಡ್‌ಬಾರೊಂದಕ್ಕೆ 1020.7 ಎಂಬ ಸಂಖ್ಯೆಯ ಫರ್ಮ್‌ವೇರ್ ಬಂದಿತು. ಅದನ್ನು ಪಡೆದ ಅನೇಕ ಮನೆಗಳಲ್ಲಿ ಯಂತ್ರ ರಿಮೋಟಿಗೂ ಬಗ್ಗಲಿಲ್ಲ, ಗುಂಡಿಗೂ ಬಗ್ಗಲಿಲ್ಲ. ಸಂಸ್ಥೆ ಉಚಿತವಾಗಿ ದುರಸ್ತಿ ಮಾಡಿಕೊಡಬೇಕಾಯಿತು. ಬರಹದಿಂದ ವಾಸಿಯಾಗದ ರೋಗಗಳೂ ಇವೆ. 2020ರಲ್ಲಿ ಬಂದ ಕೆಲವು ಹೋಂ ಥಿಯೇಟರ್ ರಿಸೀವರುಗಳ ಚಿಪ್ಪಿನಲ್ಲಿಯೇ ದೋಷವಿದ್ದು, ಹೊಸ ಆಟದ ಯಂತ್ರವೊಂದು ಸೆಕೆಂಡಿಗೆ 120ರಂತೆ ಕಳುಹಿಸುವ ಚಿತ್ರಗಳು ಅದನ್ನು ದಾಟಲಿಲ್ಲ. ಆಗ ಒಬ್ಬ ತಯಾರಕರು ನಡುವೆ ಸಿಕ್ಕಿಸಲು ಪುಟ್ಟ ಪೆಟ್ಟಿಗೆಯೊಂದನ್ನು ಕೊಟ್ಟರು. ಇನ್ನೊಬ್ಬರು ಬೋರ್ಡನ್ನೇ ಬದಲಾಯಿಸಿದರು. ಹಾಕಿಕೊಂಡರೊಂದು ಕಷ್ಟ, ಬಿಟ್ಟರೊಂದು ಕಷ್ಟ. ವಸ್ತುವನ್ನು ಕೊಂಡವರು ಒಬ್ಬರು; ಅದರ ಬುದ್ಧಿಯನ್ನು ಆಳುವವರು ಇನ್ನೊಬ್ಬರು.

ಯುವಕ ಕಾಫಿ ಮುಗಿಸಿ ಕೆಲಸಕ್ಕೆ ತೊಡಗಿದ. ಎರಡು ದಿನ ಕಾದದ್ದಾಗಿತ್ತು. ಇನ್ನು ಕಾಯುವುದರಲ್ಲಿ ಅರ್ಥವಿರಲಿಲ್ಲ. ಮೊದಲು ಬೆನ್ನಿನ ಡಿಸ್ಕನ್ನೂ ಟೆಲಿವಿಷನ್ನಿನ ಕೇಬಲ್ಲನ್ನೂ ಬಿಡಿಸಿದ. ಡಿಸ್ಕನ್ನು ತನ್ನ ಕಂಪ್ಯೂಟರಿಗೆ ಸಿಕ್ಕಿಸಿ ಹಾಡುಗಳು ಕ್ಷೇಮವಾಗಿರುವುದನ್ನು ತೋರಿಸಿದ. ಯಜಮಾನರ ಉಸಿರು ಆಗ ಹಿಂತಿರುಗಿತು. ಆಮೇಲೆ ಪ್ಲಗ್ಗನ್ನು ಗೋಡೆಯಿಂದಲೇ ಕಿತ್ತು ಐದು ನಿಮಿಷ ಬಿಟ್ಟ. ಕೈಪಿಡಿಯಲ್ಲಿ ಹೇಳಿದ್ದ ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿ ಹಿಡಿದು ಮತ್ತೆ ಕರೆಂಟು ಕೊಟ್ಟ. ತೆರೆಯ ಮೇಲೆ ಅರವತ್ತೆರಡು ಮಾಯವಾಗಿ, ಪೆನ್‌ಡ್ರೈವ್ ಹಾಕಿರೆಂಬ ಮಾತು ಮೂಡಿತು. ಬೀಗ ಹಾಕಿಟ್ಟ ಆ ಪುಟ್ಟ ಬರಹ ಬದುಕಿತ್ತು. ತಯಾರಕರು ವಿವೇಕಿಗಳೇ ಆಗಿದ್ದರು.

ತಯಾರಕರ ತಾಣದಿಂದ ಇಳಿಸಿಕೊಂಡ ಬರಹವನ್ನು ಹೊಚ್ಚಹೊಸ ಪೆನ್‌ಡ್ರೈವಿನಲ್ಲಿ ಹಾಕಿ ಕೊಟ್ಟರೆ ಯಂತ್ರ ಮೂಸಿಯೂ ನೋಡಲಿಲ್ಲ. ಇಂಥ ಪೆಟ್ಟಿಗೆಗಳಲ್ಲಿ ಬಹುಪಾಲಿಗೆ ಫ್ಯಾಟ್ 32 ಎಂಬ ಹಳೆಯ ಕ್ರಮದಲ್ಲಿ ಸಿದ್ಧಪಡಿಸಿದ ಪೆನ್‌ಡ್ರೈವೇ ಬೇಕು. ಯಜಮಾನರು ಮೇಜಿನ ಖಾನೆಯಿಂದ 8 ಜಿಬಿಯ ಹಳೆಯದೊಂದನ್ನು ಹುಡುಕಿ ತೆಗೆದರು. ಅದಕ್ಕೂ ಒಪ್ಪಲಿಲ್ಲ. ಅಷ್ಟು ಹೊತ್ತಿಗೆ ರಾತ್ರಿ ಹನ್ನೊಂದಾಗಿತ್ತು. “ನಾಳೆ ನೋಡೋಣ ಅಂಕಲ್. ನಿದ್ದೆಗಣ್ಣಿನಲ್ಲಿ ಈ ಕೆಲಸ ಮಾಡಬಾರದು,” ಎಂದು ಯುವಕ ಎದ್ದ. ಬೆಳಗ್ಗೆ ಮೈಸೂರಿಗೆ ಹೊರಡಬೇಕಾಗಿದ್ದ ತಂಗಿ ಬ್ಯಾಗಿನಿಂದ ಸೀರೆಗಳನ್ನು ಮತ್ತೆ ಹೊರತೆಗೆದಿಟ್ಟರು.

ಮಂಗಳವಾರ ಸಂಜೆ ಕಾರಣವನ್ನು ಕಂಡುಹಿಡಿದವರು ಯಜಮಾನರೇ. ಮೂವತ್ತೈದು ವರ್ಷ ಲೆಕ್ಕಪತ್ರ ತಪಾಸಣೆ ಮಾಡಿದ ಕಣ್ಣು ಅದು. ಕೈಪಿಡಿಯಲ್ಲಿದ್ದ ಕಡತದ ಹೆಸರನ್ನೂ ಪೆನ್‌ಡ್ರೈವಿನಲ್ಲಿದ್ದ ಹೆಸರನ್ನೂ ಅಕ್ಷರ ಅಕ್ಷರವಾಗಿ ತಾಳೆನೋಡಿದರು. ಕೊನೆಯಲ್ಲಿ ಕಂಸದೊಳಗೆ ಒಂದು ಎಂಬ ಅಂಕೆ ಹೆಚ್ಚಾಗಿತ್ತು. ಅದೇ ಕಡತವನ್ನು ಎರಡು ಸಲ ಇಳಿಸಿಕೊಂಡುದರಿಂದ ಎರಡನೆಯದಕ್ಕೆ ಕಂಪ್ಯೂಟರು ತಾನಾಗಿ ಸೇರಿಸಿದ ಅಂಕೆ. ಯಂತ್ರ ತನಗೆ ಹೇಳಿದ ಹೆಸರನ್ನಲ್ಲದೆ ಬೇರೆ ಹೆಸರಿನ ಕಡತವನ್ನು ಮುಟ್ಟುವುದಿಲ್ಲ. ಅದೂ ಒಬ್ಬ ಪ್ರಾಮಾಣಿಕ ಗುಮಾಸ್ತೆ. ಅಂಕೆಯನ್ನು ಅಳಿಸಿದರು. ಪವರ್ ಕಟ್ಟಿನ ಭಯಕ್ಕೆ ಪ್ಲಗ್ಗನ್ನು ಯು.ಪಿ.ಎಸ್. ಇರುವ ಕಡೆಗೆ ಬದಲಾಯಿಸಿದರು. ಈ ಸಲ ಅರವತ್ತೆರಡು ಬಂದಾಗ ಯಾರೂ ಉಸಿರಾಡಲಿಲ್ಲ. ಅರವತ್ತಮೂರು ಬಂತು. ಇಪ್ಪತ್ತು ನಿಮಿಷದಲ್ಲಿ ನೂರಾಯಿತು.

ಯಂತ್ರ ಎದ್ದಿತೇನೋ ನಿಜ. ಆದರೆ ಜ್ವರ ಬಿಟ್ಟ ರೋಗಿಯಂತೆ ಹಿಂದಿನದೆಲ್ಲವನ್ನೂ ಮರೆತಿತ್ತು. ಯಾವ ಸ್ಪೀಕರು ಎಷ್ಟು ದೂರ, ಯಾವುದಕ್ಕೆ ಎಷ್ಟು ದನಿ, ಆ ಕೋಣೆಯ ಗೋಡೆಗಳು ಧ್ವನಿಯನ್ನು ಹೇಗೆ ಹಿಂದಿರುಗಿಸುತ್ತವೆ, ಇವೆಲ್ಲ ಅಳಿಸಿಹೋಗಿದ್ದವು. ಕೂರುವ ಜಾಗದಲ್ಲಿ ಮೈಕನ್ನಿಟ್ಟು ಮತ್ತೆ ಅಳೆಯಬೇಕಾಯಿತು. ಫ್ಯಾನು ನಿಂತಿತು, ಅಡಿಗೆಮನೆಯ ಮಿಕ್ಸಿ ನಿಂತಿತು, ಯಂತ್ರ ಕೂ, ಕೂ ಎಂದು ಕೋಣೆಯ ಮೂಲೆಮೂಲೆಯನ್ನೂ ವಿಚಾರಿಸಿಕೊಂಡಿತು. ಯಜಮಾನರು ಒಂದೊಂದು ಅಂಕೆಯನ್ನೂ ಪುಸ್ತಕದಲ್ಲಿ ಬರೆದುಕೊಂಡರು.

ರಾತ್ರಿ ಒಂಬತ್ತೂವರೆಗೆ ಡಿಸ್ಕನ್ನು ಮತ್ತೆ ಜೋಡಿಸಿದರು. ಮೊದಲ ಹಾಡು ಮುಗಿದು ಎರಡನೆಯದು ಮೊದಲಾಯಿತು. ತಂಗಿ ಕಣ್ಣು ಮುಚ್ಚಿ ಕುಳಿತಿದ್ದರು. ಚರಣದ ನಡುವೆ, ಎಡಗಡೆಯಿಂದ, ತೀರ ಹತ್ತಿರದಿಂದ, ಗಾಜಿನ ಬಳೆಗಳು ಒಮ್ಮೆ ಸದ್ದು ಮಾಡಿದವು. ಅರವತ್ತರ ಹತ್ತಿರದ ಆ ಹೆಂಗಸಿನ ಕೈ ತನಗರಿಯದೆಯೇ ತಲೆಯ ಮೇಲೆ ಹೋಯಿತು.

ಪಕ್ಕದ ಮನೆಯ ಯುವಕ ಮಾತಿಲ್ಲದೆ ಎದ್ದು ಚಪ್ಪಲಿ ಮೆಟ್ಟಿಕೊಂಡ.

ಈಗ ಆ ಮನೆಯಲ್ಲಿ ಆರು ಹಾಡುಗಳ ಪ್ರತಿಗಳು ನಾಲ್ಕು ಕಡೆ ಇವೆ, ಒಂದು ಮೈಸೂರಿನಲ್ಲಿ. ಹಾಡು ಒಂದು, ಹಾಡುವ ಪೆಟ್ಟಿಗೆ ಇನ್ನೊಂದು ಎಂಬುದನ್ನು ಚೊಂಬು ಕಲಿಸಿತು. ಪೆಟ್ಟಿಗೆಯನ್ನು ಸುಮ್ಮನೆ ತಳ್ಳಿಹಾಕಬಾರದೆಂಬುದನ್ನು ಬಳೆ ಕಲಿಸಿತು. ತನ್ನಷ್ಟಕ್ಕೆ ತಾನೇ ಹೊಸದನ್ನು ಹಾಕಿಕೊಳ್ಳುವ ಸ್ವಾತಂತ್ರ್ಯವನ್ನು ಯಂತ್ರದಿಂದ ಕಸಿದುಕೊಳ್ಳಲಾಗಿದೆ. ಯಜಮಾನರ ಪುಸ್ತಕದಲ್ಲಿ ಆವೃತ್ತಿಯ ಸಂಖ್ಯೆ, ತಾರೀಖು, ಸ್ಪೀಕರಿನ ದೂರ ಎಲ್ಲವೂ ಕೆಂಪು ಶಾಯಿಯಲ್ಲಿವೆ. 8 ಜಿಬಿಯ ಪೆನ್‌ಡ್ರೈವ್ ಅದರ ರಟ್ಟಿಗೆ ಅಂಟಿಕೊಂಡಿದೆ.

ಮೂರು ತಿಂಗಳ ಮೇಲೆ ಮತ್ತೊಮ್ಮೆ ಅಶರೀರವಾಣಿಯಾಯಿತು: ಹೊಸ ಆವೃತ್ತಿ ಸಿದ್ಧವಾಗಿದೆ. ಯಜಮಾನರು ಕನ್ನಡಕ ಏರಿಸಿ, ಅದರಲ್ಲಿ ಏನೇನು ಬದಲಾಗಿದೆ ಎಂಬ ಟಿಪ್ಪಣಿಯನ್ನು ಎರಡು ಸಲ ಓದಿದರು. ಒಳಗಿನಿಂದ ಮನೆಯಾಕೆಯ ದನಿ ಕೇಳಿಸಿತು.

“ಏನೂಂದ್ರೆ, ಪಂಚಾಂಗ ನೋಡಿದಿರಾ?”

ಯಜಮಾನರು ಗೋಡೆಯ ಕ್ಯಾಲೆಂಡರಿನ ಹತ್ತಿರ ಹೋದರು. ಬರುವ ವಾರ ಹಬ್ಬ. ಅದರ ಮರುವಾರ ಮಗ ಬರುತ್ತಾನೆ. ಅದರಾಚೆಯ ಒಂದು ಖಾಲಿ ಬುಧವಾರಕ್ಕೆ ಪೆನ್ಸಿಲಿನಿಂದ ಸಣ್ಣದೊಂದು ಗುರುತು ಹಾಕಿ, ಫೋನನ್ನು ಮಗುಚಿ ಇಟ್ಟರು.